ಹಳೆ ಆಡಿಯೋ ಡ್ರೈವರ್ ಉಳಿದರೆ ಕಂಪ್ಯೂಟರ್‌ಗೆ ಅಪಾಯವೇ?

‘ಸೌಂಡ್ ಬರುತ್ತಿಲ್ಲವೇ? ಸಿಸ್ಟಮ್ 32 ಫೋಲ್ಡರ್‌ನ ಹಳೆ ಡ್ರೈವರ್ ಅಳಿಸಿ, ಇಲ್ಲವೇ ಈ ಲಿಂಕ್‌ನಿಂದ ಕ್ಲೀನರ್ ಹಾಕಿಕೊಳ್ಳಿ’ ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಆ ಫೋಲ್ಡರ್‌ನಲ್ಲಿ ಕೈಯಾಡಿಸಿದರೆ ವಿಂಡೋಸ್ ತೆರೆಯದೇ ಹೋಗಬಹುದು.

ನಿಜವೇನು? ಸಾಫ್ಟ್‌ವೇರ್ ತೆಗೆದರೂ ಡ್ರೈವರ್‌ನ ಪ್ರತಿಯೊಂದು ವಿಂಡೋಸ್‌ನ ‘ಡ್ರೈವರ್ ಸ್ಟೋರ್’ನಲ್ಲಿ ಉಳಿಯಬಹುದು. ಬಳಕೆಯಲ್ಲಿಲ್ಲದ ಪ್ರತಿ ಜಾಗ ಹಿಡಿಯುತ್ತದೆ, ಅಷ್ಟೆ.

ಎಚ್ಚರ ಬೇಕಿರುವುದು ಡ್ರೈವರ್ ಜೊತೆ ಬಂದು ತೆರೆಮರೆಯಲ್ಲಿ ಓಡುವ ಪ್ರೋಗ್ರಾಂಗಳ ಬಗ್ಗೆ. 2017ರ ಮೇ ತಿಂಗಳಲ್ಲಿ ಸ್ವಿಟ್ಜರ್‌ಲ್ಯಾಂಡಿನ ಮಾಡ್‌ಜೀರೋ ಸಂಸ್ಥೆ ಒಂದು ಸಂಗತಿ ಬಯಲಿಗೆಳೆಯಿತು: ಎಚ್‌ಪಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕೋನೆಕ್ಸೆಂಟ್ ಆಡಿಯೋ ಡ್ರೈವರ್ ಜೊತೆಗಿದ್ದ ‘ಮಿಕ್‌ಟ್ರೇ’ ಪ್ರೋಗ್ರಾಂ, ಪಾಸ್‌ವರ್ಡ್ ಸಹಿತ ಒತ್ತಿದ ಕೀಗಳನ್ನೆಲ್ಲ ಫೈಲ್‌ನಲ್ಲಿ ಬರೆದಿಡುತ್ತಿತ್ತು. ಬಳಿಕ ಎಚ್‌ಪಿ ಅದನ್ನು ಸರಿಪಡಿಸಿತು.

ಬೆಳ್ತಂಗಡಿಯ ಡಿಟಿಪಿ ಅಂಗಡಿಯ ಕಂಪ್ಯೂಟರ್ ಇರಲಿ, ಉಜಿರೆಯ ವಿದ್ಯಾರ್ಥಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇರಲಿ, ಸರಿಯಾದ ದಾರಿ ಒಂದೇ:

1. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಆಡಿಯೋ ಸಾಫ್ಟ್‌ವೇರ್ ತೆಗೆಯಿರಿ.
2. ಡಿವೈಸ್ ಮ್ಯಾನೇಜರ್‌ನ ‘ವ್ಯೂ’ನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿ.
3. ಹಳೆ ಸೌಂಡ್ ಡಿವೈಸ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಅನ್‌ಇನ್‌ಸ್ಟಾಲ್ ಡಿವೈಸ್’ ಆರಿಸಿ. ಡ್ರೈವರ್ ಅನ್ನೂ ತೆಗೆಯುವ ಚೌಕ ಕಂಡರೆ ಟಿಕ್ ಮಾಡಿ.
4. ರೀಸ್ಟಾರ್ಟ್ ಮಾಡಿ. ಹೊಸ ಡ್ರೈವರ್ ಬೇಕಿದ್ದರೆ ವಿಂಡೋಸ್ ಅಪ್‌ಡೇಟ್ ಅಥವಾ ಕಂಪ್ಯೂಟರ್ ಕಂಪನಿಯ ಜಾಲತಾಣದಿಂದ ಮಾತ್ರ ಪಡೆಯಿರಿ.