ಎಣ್ಣೆ ಪ್ಯಾಕೆಟ್ಟಿನ ‘319’ಕ್ಕೆ ಕಡಲಲ್ಲಿ ಬದಲಿ ಸಿಗುತ್ತಾ? ಸಿಕ್ಕರೆ ಲಾಭ ಯಾರಿಗೆ?

ಕಿರಾಣಿ ಅಂಗಡಿಯಲ್ಲಿ ಎಣ್ಣೆ ಪ್ಯಾಕೆಟ್ಟೋ ಚಿಪ್ಸ್ ಪ್ಯಾಕೆಟ್ಟೋ ತಿರುಗಿಸಿ ನೋಡಿ. ಎಷ್ಟೋ ಪ್ಯಾಕೆಟ್‌ಗಳ ಹಿಂದೆ ಸಣ್ಣ ಅಕ್ಷರದಲ್ಲಿ ‘ಆಂಟಿಆಕ್ಸಿಡೆಂಟ್ 319’ ಅಂತ ಬರೆದಿರುತ್ತದೆ. 319 ಅಂದರೆ ಟಿಬಿಎಚ್‌ಕ್ಯು. ಎಣ್ಣೆ ಗಾಳಿಗೆ ಸಿಕ್ಕಿ ಕಮಟು ವಾಸನೆ ಬರದಂತೆ ತಡೆಯುವ, ಕಾರ್ಖಾನೆಯಲ್ಲಿ ತಯಾರಾಗುವ ರಾಸಾಯನಿಕ. ಒಂದು ಕೆಜಿ ಎಣ್ಣೆಗೆ ಹೆಚ್ಚೆಂದರೆ 200 ಮಿಲಿಗ್ರಾಂ ಹಾಕಬಹುದು ಎಂಬುದು ನಿಯಮ.

‘ಕೆಮಿಕಲ್ ಇಲ್ಲದ್ದು ಕೊಡಿ’ ಎನ್ನುವ ಗಿರಾಕಿಗಳಿಗಾಗಿ ಕಂಪನಿಗಳೂ ವಿಜ್ಞಾನಿಗಳೂ ನೈಸರ್ಗಿಕ ಆಂಟಿಆಕ್ಸಿಡೆಂಟ್ ಹುಡುಕುತ್ತಿದ್ದಾರೆ. ಆ ಹುಡುಕಾಟ ಈಗ ಕಡಲಿಗೆ ಇಳಿದಿದೆ. ಮೀನಿಗಲ್ಲ, ಕಣ್ಣಿಗೇ ಕಾಣದ ಬ್ಯಾಕ್ಟೀರಿಯಾಕ್ಕೆ.

ಕಡಲ ಬ್ಯಾಕ್ಟೀರಿಯಾವೇ ಯಾಕೆ?

ಉರಿ ಬಿಸಿಲು, ಉಪ್ಪು, ಉಬ್ಬರ ಇಳಿತ. ಇದೆಲ್ಲ ಜೀವಕೋಶವನ್ನು ಹಾಳು ಮಾಡುತ್ತದೆ. ತಪ್ಪಿಸಿಕೊಳ್ಳಲು ಕೆಲವು ಬ್ಯಾಕ್ಟೀರಿಯಾಗಳು ಕೆಂಪು, ಹಳದಿ, ಕೇಸರಿ ಬಣ್ಣದ ಕ್ಯಾರೊಟಿನಾಯ್ಡ್ ಎಂಬ ವಸ್ತು ತಯಾರಿಸಿಕೊಳ್ಳುತ್ತವೆ. ಅದೇ ಅವುಗಳ ಕೊಡೆ, ಅದೇ ಆಂಟಿಆಕ್ಸಿಡೆಂಟ್.

ಈ ಬಣ್ಣ ಕರಾವಳಿಯ ಅಡುಗೆಮನೆಗೆ ಹೊಸದಲ್ಲ. ಸಿಗಡಿ, ಏಡಿ ಬೇಯಿಸಿದಾಗ ಕೆಂಪಾಗುವುದು ಆಸ್ಟಕ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡ್‌ನಿಂದ. ಹಸಿ ಇದ್ದಾಗ ಅದು ಪ್ರೋಟೀನ್ ಜೊತೆ ಅಂಟಿಕೊಂಡಿರುತ್ತದೆ, ಬಿಸಿ ತಾಗಿದಾಗ ಬಿಡಿಸಿಕೊಂಡು ತನ್ನ ಬಣ್ಣ ತೋರಿಸುತ್ತದೆ. ಇದೇ ಆಸ್ಟಕ್ಸಾಂಥಿನ್ ತಯಾರಿಸುವ ಒಂದು ಬ್ಯಾಕ್ಟೀರಿಯಾ ದಕ್ಷಿಣ ಕೊರಿಯಾದ ಹೇಉಂಡೇ ಕರಾವಳಿಯಲ್ಲಿ ಸಿಕ್ಕಿತು. 2004ರಲ್ಲಿ ಅದಕ್ಕೆ ಊರಿನ ಹೆಸರನ್ನೇ ಸೇರಿಸಿ ಪ್ಯಾರಾಕಾಕಸ್ ಹೇಉಂಡೇಎನ್ಸಿಸ್ ಎಂದು ಹೆಸರಿಟ್ಟರು. ಇದೇ ಕುಲದ, ಮಣ್ಣಿನಲ್ಲಿ ಸಿಕ್ಕ ಮತ್ತೊಂದು ಬ್ಯಾಕ್ಟೀರಿಯಾವನ್ನು ಜಪಾನ್ ಕಂಪನಿಯೊಂದು ಟ್ಯಾಂಕಿನಲ್ಲಿ ಬೆಳೆಸಿ, ಸಾಲ್ಮನ್ ಮೀನಿನ ಮೇವಿಗೆ ಮಾರುತ್ತಿದೆ. ಅಂದರೆ ಇದು ಬರೀ ಲ್ಯಾಬಿನ ಮಾತಲ್ಲ, ವ್ಯಾಪಾರ ಶುರುವಾಗಿದೆ.

ಅಂಗಡಿಯವರು ಗಮನಿಸಬೇಕಾದ್ದು

ಒಂದು: ಇದು ನಾಳೆಯೇ 319ರ ಜಾಗಕ್ಕೆ ಬರುವುದಿಲ್ಲ. ಟಿಬಿಎಚ್‌ಕ್ಯು ಅಗ್ಗ, ಎಣ್ಣೆಗೆ ಬಣ್ಣ ಹತ್ತಿಸುವುದಿಲ್ಲ, ಬಾಣಲೆಯ ಬಿಸಿಯನ್ನೂ ತಡೆಯುತ್ತದೆ. ಕ್ಯಾರೊಟಿನಾಯ್ಡ್ ದುಬಾರಿ, ಬಿಸಿಗೆ ಬೆಳಕಿಗೆ ಬೇಗ ಕೆಡುತ್ತದೆ.

ಎರಡು: ‘ನೈಸರ್ಗಿಕ’ ಅಂದ ಮಾತ್ರಕ್ಕೆ ಎಷ್ಟು ತಿಂದರೂ ನಡೆಯುತ್ತದೆ ಅಂತಲ್ಲ. ಫಿನ್ಲೆಂಡ್‌ನಲ್ಲಿ 29 ಸಾವಿರಕ್ಕೂ ಹೆಚ್ಚು ಸಿಗರೇಟು ಸೇದುವ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂತು. ಬೀಟಾ ಕ್ಯಾರೊಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗುವ ಬದಲು ಶೇ.18ರಷ್ಟು ಜಾಸ್ತಿ ಕಂಡಿತ್ತು. ಟ್ಯೂಬಿನೊಳಗೆ ಒಳ್ಳೆಯದು ಮಾಡಿದ್ದು ಮೈಯೊಳಗೂ ಮಾಡಬೇಕೆಂದಿಲ್ಲ.

ಮೂರು: ಉಪ್ಪು ಹಾಕಿದ ಒಣಮೀನು ಕೆಲವೊಮ್ಮೆ ಕೆಂಪಾಗುವುದೂ ಉಪ್ಪು ಪ್ರಿಯ ಸೂಕ್ಷ್ಮಜೀವಿಗಳ ಇಂಥದೇ ಬಣ್ಣದಿಂದ. ಹಾಗಂತ ಅದು ಔಷಧವಲ್ಲ, ಮೀನು ಕೆಡುತ್ತಿದೆ ಎಂಬ ಗುರುತು. ಅಂಥದ್ದನ್ನು ಮಾರಬಾರದು, ಕೊಳ್ಳಲೂಬಾರದು.

ಅಸಲಿ ಪ್ರಶ್ನೆ ಪಾಲಿನದ್ದು

ಮೀನಾದರೆ ದಿನಾ ಬಲೆ ಹಾಕಬೇಕು. ಬ್ಯಾಕ್ಟೀರಿಯಾ ಹಾಗಲ್ಲ. ಒಮ್ಮೆ ಒಂದು ಬಾಟಲಿ ನೀರು, ಒಂದು ಹಿಡಿ ಕೆಸರು ಒಯ್ದರೆ ಸಾಕು. ಮುಂದೆ ಸಾವಿರ ಕಿಲೋಮೀಟರ್ ದೂರದ ಸ್ಟೀಲ್ ಟ್ಯಾಂಕಿನಲ್ಲಿ ವರ್ಷಗಟ್ಟಲೆ ಬೆಳೆಸಬಹುದು. ಕರಾವಳಿಗೆ ಯಾರೂ ಮತ್ತೆ ಬರಬೇಕಿಲ್ಲ.

ಸರ್ಕಾರ ಈ ಕಡೆ ಹೆಜ್ಜೆ ಇಟ್ಟಾಗಿದೆ. 2021ರಲ್ಲಿ ಒಪ್ಪಿಗೆ ಪಡೆದ 4,077 ಕೋಟಿ ರೂಪಾಯಿಯ ಆಳ ಸಾಗರ ಯೋಜನೆಯಲ್ಲಿ ಕಡಲ ಸೂಕ್ಷ್ಮಜೀವಿಗಳ ಹುಡುಕಾಟವೂ ಸೇರಿದೆ. ಯಾವ ದೇಶಕ್ಕೂ ಸೇರದ ನಡುಗಡಲಿನ ಜೀವಸಂಪತ್ತಿನ ಲಾಭ ಹಂಚಿಕೊಳ್ಳಬೇಕು ಎನ್ನುವ ವಿಶ್ವಸಂಸ್ಥೆಯ ಒಪ್ಪಂದ 2026ರ ಜನವರಿ 17ರಿಂದ ಜಾರಿಗೆ ಬಂದಿದೆ. ಭಾರತ ಅದಕ್ಕೆ 2024ರಲ್ಲೇ ಸಹಿ ಹಾಕಿದೆ.

ನಡುಗಡಲಿಗೆ ಆ ಒಪ್ಪಂದ ಬಂತು. ನಮ್ಮ ಅಳಿವೆ, ಉಪ್ಪಿನಾಗರ, ಕಾಂಡ್ಲಾ ಕಾಡಿನ ಕೆಸರಿಗೆ? ಅದಕ್ಕೆ 2002ರ ಜೀವವೈವಿಧ್ಯ ಕಾಯ್ದೆ ಇದೆ. ಅದರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲಾತಿ ಬರೆದಿಡಬೇಕು. ವ್ಯಾಪಾರಕ್ಕೆ ಬಳಸುವವರಿಂದ ಲಾಭದ ಪಾಲು ಕೇಳುವ ದಾರಿಯೂ ಅದರಲ್ಲಿದೆ.

ಕಣ್ಣಿಗೆ ಕಾಣುವ ಮರ, ಮೀನು, ಹಕ್ಕಿಯನ್ನು ದಾಖಲಿಸುವುದೇ ಕಷ್ಟ ಎನ್ನುವ ಪಂಚಾಯಿತಿ, ಕೆಸರಿನ ಬ್ಯಾಕ್ಟೀರಿಯಾ ಬರೆದಿಡುತ್ತಾ? ಬ್ಯಾಕ್ಟೀರಿಯಾ ಬೇಡ, ‘ಈ ಅಳಿವೆ, ಈ ಉಪ್ಪಿನಾಗರ ನಮ್ಮ ಊರಿನದ್ದು’ ಎಂದಾದರೂ ಬರೆದಿರಬೇಕು. ನಾಳೆ ಯಾರಾದರೂ ಬಾಟಲಿ ಹಿಡಿದು ಬಂದರೆ, ಕೇಳುವುದಕ್ಕೆ ಕೈಯಲ್ಲಿ ಒಂದು ಕಾಗದವಾದರೂ ಬೇಕಲ್ಲ. ಮುಂದಿನ ಗ್ರಾಮಸಭೆಯಲ್ಲಿ ‘ನಮ್ಮ ಸಮಿತಿ ಇದೆಯಾ, ದಾಖಲಾತಿ ಎಲ್ಲಿದೆ’ ಎಂದು ಒಬ್ಬರು ಎದ್ದು ಕೇಳಿದರೂ ಸಾಕು, ಕೆಲಸ ಅಲ್ಲಿಂದ ಶುರುವಾಗುತ್ತದೆ.