ಹಳೇ ಪಿಕಪ್‌ಗೆ ಫೋರ್ ವೀಲ್: ಕಂಪನಿಯದ್ದಾ, ಗ್ಯಾರೇಜಿನದ್ದಾ?

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ತೋಟ ಇರೋರು ಹಳೇ ಜೀಪು, ಪಿಕಪ್ ಹುಡುಕೋದು ಸಹಜ. ಮಳೆಗಾಲದಲ್ಲಿ ಗೊಬ್ಬರದ ಚೀಲ ಹೊತ್ತು ಕೆಸರಿನ ಏರು ಹತ್ತಬೇಕಲ್ಲ! ಮೊಬೈಲಿನಲ್ಲಿ ನೋಡಿದರೆ ‘ಫೋರ್ ಬೈ ಫೋರ್’ ಅಂತ ಬರೆದ ಗಾಡಿಗಳು ಬೇಕಾದಷ್ಟಿವೆ. ಅದು ಕಂಪನಿಯಿಂದಲೇ ಬಂದಿದ್ದಾ, ಆಮೇಲೆ ಮಾಡಿಸಿದ್ದಾ ಅನ್ನೋದನ್ನು ಮಾತ್ರ ಯಾರೂ ಬರೆಯೋದಿಲ್ಲ. ನನ್ನ ಪ್ರಕಾರ ಕಂಪನಿಯದ್ದನ್ನೇ ಕೊಳ್ಳಿ, ನಾಲ್ಕು ಕಾಸು ಹೆಚ್ಚಾದರೂ ಸರಿ.

ಹಾಗಂತ ಹೊರಗೆ ಮಾಡಿಸಿದ್ದೆಲ್ಲ ಕಳಪೆ ಅಂತ ನಾನು ಹೇಳ್ತಿಲ್ಲ. ಅಮೆರಿಕದಲ್ಲಿ 1946ರಲ್ಲೇ ಡಾಡ್ಜ್ ಕಂಪನಿ ‘ಪವರ್ ವ್ಯಾಗನ್’ ಅನ್ನೋ ಫೋರ್ ವೀಲ್ ಪಿಕಪ್ ತಂದಿತ್ತು. ಶೆವ್ರೊಲೆ ಬಳಿ ಅಂಥದ್ದು ಇರಲಿಲ್ಲ. ಆ ಜಾಗ ತುಂಬಿದ್ದು ಮಿನಿಯಾಪೊಲಿಸ್‌ನ ನ್ಯಾಪ್ಕೊ ಅನ್ನೋ ಬಿಡಿಭಾಗದ ಕಂಪನಿ. ಅವರ ಕಿಟ್ ಎಷ್ಟು ಹಿಡಿಸಿತು ಅಂದರೆ, 1957ರಲ್ಲಿ ಶೆವ್ರೊಲೆಯೇ ತನ್ನ ಕಾರ್ಖಾನೆಯಲ್ಲಿ ಅದನ್ನು ಜೋಡಿಸಿ ಕೊಡತೊಡಗಿತು. 1960ರ ಮಾದರಿಗೆ ಸ್ವಂತ ವ್ಯವಸ್ಥೆ ಬಂತು. ಇವತ್ತು ಹಳೇ ಗಾಡಿ ಸಂಗ್ರಹಿಸೋರು ನ್ಯಾಪ್ಕೊ ಪಿಕಪ್ ಅಂದರೆ ಬಾಯಿಬಿಡ್ತಾರೆ.

ಅದು ಗೆದ್ದಿದ್ದು ಯಾಕೆ? ಆ ಗಾಡಿಗೇ ಅಳತೆ ಮಾಡಿ ತಯಾರಿಸಿದ ಕಿಟ್ ಅದು. ಮುಂದಿನ ಆಕ್ಸಲ್‌ಗೂ ಶೆವ್ರೊಲೆಯ ಭಾಗಗಳನ್ನೇ ಬಳಸಿದ್ದರು.

ನಮ್ಮ ಗ್ಯಾರೇಜುಗಳಲ್ಲಿ ಆಗೋದೇ ಬೇರೆ. ಗುಜರಿಯಲ್ಲಿ ಸಿಕ್ಕ ಮುಂದಿನ ಹೌಸಿಂಗ್, ಇನ್ಯಾವುದೋ ಗಾಡಿಯ ಟ್ರಾನ್ಸ್‌ಫರ್ ಕೇಸ್, ನಡುವೆ ವೆಲ್ಡಿಂಗ್. ಹಿಂದಿನ ಕ್ರೌನ್-ಪಿನಿಯನ್ 43ಕ್ಕೆ 8 ಹಲ್ಲಿನದು, ಮುಂದಿನದು 39ಕ್ಕೆ 8 ಇದ್ದರೆ ಏನಾಗುತ್ತೆ? ಫೋರ್ ವೀಲ್ ಹಾಕಿದ ತಕ್ಷಣ ಮುಂದಿನ ಚಕ್ರ ಒಂದು ವೇಗಕ್ಕೆ, ಹಿಂದಿನದು ಇನ್ನೊಂದು ವೇಗಕ್ಕೆ ಎಳೆಯುತ್ತೆ. ನೂರಕ್ಕೆ ಹತ್ತರಷ್ಟು ವ್ಯತ್ಯಾಸ. ಕೆಸರಲ್ಲಿ ಟೈರ್ ಜಾರಿ ಹೇಗೋ ಸುಧಾರಿಸುತ್ತೆ, ಗಟ್ಟಿ ನೆಲದಲ್ಲಿ ಶಾಫ್ಟ್, ಗೇರ್ ಮೇಲೆ ಪೂರ್ತಿ ಒತ್ತಡ.

ಇನ್ನು ಕಾಗದ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ತೋಟದೊಳಗೆ ಯಾರೂ ಕೇಳಲ್ಲ, ನಿಜ. ಆದರೆ ಸಂತೆಗೆ ಹೋಗೋವಾಗ ಅಪಘಾತವಾದರೆ ಇನ್ಶೂರೆನ್ಸ್‌ನವರು ಕೇಳ್ತಾರೆ.

ಈಗಾಗಲೇ ಮಾಡಿಸಿದ ಗಾಡಿಯೇ ಇಷ್ಟವಾಯ್ತಾ? ಮುಂಗಡ ಕೊಡೋ ಮುಂಚೆ ಒಂದು ಪರೀಕ್ಷೆ ಮಾಡಿ. ಸಮತಟ್ಟು ಜಾಗದಲ್ಲಿ ಗೇರ್ ನ್ಯೂಟ್ರಲ್, ಟ್ರಾನ್ಸ್‌ಫರ್ ಕೇಸ್ ಟೂ ವೀಲ್‌ನಲ್ಲಿಡಿ. ನೆಲದ ಮೇಲಿರೋ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಒಂದೇ ಚಕ್ರ ಜಾಕಿನಲ್ಲಿ ಎತ್ತಿ. ಅದನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗ್ತು ಅಂತ ಸೀಮೆಸುಣ್ಣದ ಗುರುತು ನೋಡಿ ಎಣಿಸಿ. ಗಾಡಿಯ ಕೆಳಗೆ ಮಾತ್ರ ನುಗ್ಗಬೇಡಿ, ಪಕ್ಕದಿಂದಲೇ ಕಾಣುತ್ತೆ. ಹಬ್ ಲಾಕ್ ಮಾಡಿ ಮುಂದಿನದಕ್ಕೂ ಹಾಗೇ ಮಾಡಿ. ಎರಡು ಲೆಕ್ಕ ತಾಳೆ ಆಗಲಿಲ್ಲ ಅಂದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.