ಪಾವಗಡ ಆಂಧ್ರದೊಳಗಿನ 'ದ್ವೀಪ'ವೇ? ಮಧುಗಿರಿ ಜಿಲ್ಲೆ ಆಗಿಬಿಟ್ಟಿದೆಯೇ? ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಓದಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯವರ ವಾಟ್ಸಾಪ್ ಗುಂಪುಗಳಲ್ಲಿ ನೀವಿದ್ದರೆ ಈ ಬಗೆಯ ಮೆಸೇಜುಗಳನ್ನು ನೋಡಿಯೇ ಇರುತ್ತೀರಿ. ಪಾವಗಡದ ನಾಲ್ಕೂ ಕಡೆ ಆಂಧ್ರವೇ ಇದೆ, ಮಧುಗಿರಿ ಈಗ ಜಿಲ್ಲೆ, ಪಾವಗಡದ ಸೋಲಾರ್ ಪಾರ್ಕ್ ಜಗತ್ತಿನಲ್ಲೇ ದೊಡ್ಡದು, ಆ ಪ್ಯಾನೆಲ್‌ಗಳಿಂದಲೇ ಮಳೆ ಹೋಯಿತು, ಕುದಿಸಿದರೆ ನೀರಿನ ಫ್ಲೋರೈಡ್ ಹೋಗುತ್ತದೆ. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಹಳೆಯ ನಿಜ, ಕೆಲವು ಪೂರ್ತಿ ತಪ್ಪು. ಒಂದೊಂದಾಗಿ ನೋಡೋಣ. ಜಮೀನಿನ ಕರಾರು, ಖಾತೆ ಬದಲಾವಣೆ, ಕುಡಿಯುವ ನೀರು ಎಲ್ಲವೂ ಇದರೊಳಗೆ ಬರುವುದರಿಂದ ಇದು ಬರೀ ಸಾಮಾನ್ಯ ಜ್ಞಾನದ ಪ್ರಶ್ನೆಯಲ್ಲ.

ನಾಲ್ಕೂ ಕಡೆ ಆಂಧ್ರವೇ?

ಅಲ್ಲ, ಮೂರು ಕಡೆ ಎನ್ನುವುದು ಸರಿ. ಪಾವಗಡದ ಉತ್ತರ, ಪೂರ್ವ, ದಕ್ಷಿಣಕ್ಕೆ ಆಂಧ್ರಪ್ರದೇಶವಿದೆ. ಪಶ್ಚಿಮದಲ್ಲಿ ಅದು ಚಿತ್ರದುರ್ಗ ಜಿಲ್ಲೆಗೆ, ಅಂದರೆ ಚಳ್ಳಕೆರೆ, ಹಿರಿಯೂರು ತಾಲ್ಲೂಕುಗಳ ಕಡೆಗೆ ಅಂಟಿಕೊಂಡಿದೆ. ಹಾಗಾಗಿ ಪಾವಗಡ ಕರ್ನಾಟಕದಿಂದ ಕಡಿದುಹೋಗಿಲ್ಲ. ಆದರೆ ತನ್ನದೇ ಜಿಲ್ಲೆಯಾದ ತುಮಕೂರಿನಿಂದ ಬೇರೆಯಾಗಿ ನಿಂತಿದೆ. ಮಧುಗಿರಿಯಿಂದ ಪಾವಗಡಕ್ಕೆ ನೇರ ದಾರಿ ಹಿಡಿದರೆ ನಡುವೆ ಆಂಧ್ರದ ಮಡಕಶಿರಾ ಸಿಗುತ್ತದೆ. ತುಮಕೂರು-ರಾಯದುರ್ಗ ರೈಲು ಮಾರ್ಗದ ನಕ್ಷೆಯೂ ಇದನ್ನೇ ತೋರಿಸುತ್ತದೆ: ತುಮಕೂರು, ಕೊರಟಗೆರೆ, ಮಧುಗಿರಿ, ಆಮೇಲೆ ಮಡಕಶಿರಾ, ಆಮೇಲೆ ಪಾವಗಡ.

ಮಜಾ ಏನೆಂದರೆ, ಮಡಕಶಿರಾದವರೂ ಇದೇ ಮಾತು ಹೇಳಬಹುದು. ಅವರಿಗೆ ಪಶ್ಚಿಮಕ್ಕೆ ಶಿರಾ, ದಕ್ಷಿಣಕ್ಕೆ ಮಧುಗಿರಿ, ಉತ್ತರಕ್ಕೆ ಪಾವಗಡ. ಹಿಂದೂಪುರದ ಕಡೆಯಿಂದ ಮಾತ್ರ ಅವರು ಆಂಧ್ರಕ್ಕೆ ಕೂಡಿಕೊಂಡಿದ್ದಾರೆ. ಪಾವಗಡದ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಮಡಕಶಿರಾ ಕಡೆಯ ಎಷ್ಟೋ ಮನೆಗಳಲ್ಲಿ ಕನ್ನಡ ಮಾತು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಈಗ ಆಂಧ್ರದ ಅಮರಾಪುರ ಮಂಡಲದಲ್ಲಿದೆ.

ಗಡಿ ಹೀಗೇಕೆ ಸೊಟ್ಟಗಿದೆ?

1956ರ ಭಾಷಾವಾರು ಪ್ರಾಂತ್ಯ ರಚನೆಯಲ್ಲಿ ಯಾರೋ ಮಾಡಿದ ಎಡವಟ್ಟು ಇದು ಎಂದು ಅನೇಕರು ನಂಬಿದ್ದಾರೆ. ಈ ಗೆರೆಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ. 1687ರಲ್ಲಿ ಮೊಘಲರು ಈ ಸೀಮೆಯನ್ನು ಗೆದ್ದು ಶಿರಾವನ್ನು ಸುಬಾದ ರಾಜಧಾನಿ ಮಾಡಿದಾಗ, ಇಂದು ಆಂಧ್ರದಲ್ಲಿರುವ ಪೆನುಕೊಂಡೆಯೂ ಶಿರಾದ ಕೈಕೆಳಗಿನ ಪರಗಣೆಯಾಗಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಗೆದ್ದವರು ನಾಡನ್ನು ಹಂಚಿಕೊಂಡರು. ನಿಜಾಮರ ಪಾಲಿಗೆ ಬಂದ ಭಾಗವನ್ನು ಅವರು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅದೇ 'ದತ್ತ ಮಂಡಲ'. ಮಡಕಶಿರಾ ಆ ಕಡೆ ಹೋಯಿತು, ಪಾವಗಡ ಮೈಸೂರಿನಲ್ಲಿ ಉಳಿಯಿತು. ಮುಂದೆ 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿತು, 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾಯಿತು. ಈ ಭಾಗದಲ್ಲಿ ಹಳೆಯ ಗೆರೆ ಹಾಗೆಯೇ ಉಳಿದುಕೊಂಡಿತು.

ಇಂಥದ್ದು ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಿಂದ ಸುಮಾರು 25 ಕಿ.ಮೀ. ದೂರದಲ್ಲಿ ಸೇಂಟ್ ಪಿಯರ್ ಮತ್ತು ಮಿಕೆಲಾನ್ ಎಂಬ ಪುಟ್ಟ ದ್ವೀಪಗಳಿವೆ. ಜನಸಂಖ್ಯೆ ಸುಮಾರು 6,000. ಅವು ಕೆನಡಾಕ್ಕೆ ಸೇರಿಲ್ಲ, ಸಾವಿರಾರು ಕಿ.ಮೀ. ಆಚೆಯ ಫ್ರಾನ್ಸ್‌ಗೆ ಸೇರಿವೆ. ಅಲ್ಲಿ ಯೂರೋ ನಡೆಯುತ್ತದೆ. ಆ ದ್ವೀಪಗಳು ಫ್ರಾನ್ಸ್ ಕೈಯಲ್ಲಿ ಉಳಿದದ್ದು 1763ರ ಪ್ಯಾರಿಸ್ ಒಪ್ಪಂದದಿಂದ, ಮೀನುಗಾರಿಕೆಗೆಂದು. ಅಲ್ಲೂ ಇಲ್ಲೂ ಗೆರೆ ಎಳೆದದ್ದು ಹದಿನೆಂಟನೇ ಶತಮಾನದ ಯುದ್ಧ ಮುಗಿಸಿದ ಒಪ್ಪಂದಗಳು. ಜನಕ್ಕೆ ಯಾವ ಕಚೇರಿ ಹತ್ತಿರ ಎಂದು ಆಗ ಯಾರೂ ಕೇಳಲಿಲ್ಲ.

ಒಂದು ವ್ಯತ್ಯಾಸವಿದೆ. ಆ ದ್ವೀಪಗಳಿಗೆ ತಮ್ಮದೇ ಪ್ರಾದೇಶಿಕ ಮಂಡಳಿ ಇದೆ, ಪ್ಯಾರಿಸ್ ಸಂಸತ್ತಿನಲ್ಲಿ ತಮ್ಮದೇ ಪ್ರತಿನಿಧಿಗಳಿದ್ದಾರೆ. ಪಾವಗಡಕ್ಕೆ ಅಂಥ ವಿಶೇಷ ಸ್ಥಾನ ಯಾವುದೂ ಇಲ್ಲ. ಬೇರೆ ಯಾವ ತಾಲ್ಲೂಕಿನ ಹಾಗೆಯೇ ಅದೂ ಒಂದು ತಾಲ್ಲೂಕು.

ಹಾಗಾದರೆ ಪಾವಗಡವನ್ನು ಆಳುವವರು ಯಾರು?

ಪಾವಗಡದ ಒಬ್ಬ ರೈತರ ವಿಳಾಸವನ್ನೇ ತೆಗೆದುಕೊಳ್ಳಿ. ಅವರ ಜಿಲ್ಲಾಧಿಕಾರಿ ತುಮಕೂರಿನಲ್ಲಿ. ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಸಾಹೇಬರು, ಮಧುಗಿರಿಯಲ್ಲಿ. ವಾಹನ ನೋಂದಣಿ ಮಧುಗಿರಿಯ ಕೆಎ-64. ಆದರೆ ಲೋಕಸಭೆಗೆ ಅವರು ಮತ ಹಾಕುವುದು ಚಿತ್ರದುರ್ಗ ಕ್ಷೇತ್ರದಲ್ಲಿ. ಶಿರಾದವರೂ ಹಾಗೆಯೇ. ಮಧುಗಿರಿ, ಕೊರಟಗೆರೆಯವರು ತುಮಕೂರು ಕ್ಷೇತ್ರದಲ್ಲಿದ್ದಾರೆ. ಪಿನ್ ಕೋಡ್ ನೋಡಿದರೆ ಇನ್ನೊಂದು ತಮಾಷೆ: ಮಧುಗಿರಿ, ಶಿರಾ, ಕೊರಟಗೆರೆಯ ಪಿನ್ 572ರಿಂದ ಶುರುವಾದರೆ ಪಾವಗಡದ್ದು 561202. ಪಿನ್ ಕೋಡ್ ಅಂಚೆ ಸಾಗಣೆಯ ಅನುಕೂಲಕ್ಕೆ ಮಾಡಿದ್ದು, ಅದು ಜಿಲ್ಲೆಯ ಗುರುತಲ್ಲ. ಹಾಗಾಗಿ ಪಿನ್ ನೋಡಿ ಊರು ಯಾವ ಜಿಲ್ಲೆಗೆ ಸೇರಿದ್ದು ಎಂದು ತೀರ್ಮಾನಿಸಬೇಡಿ.

ಇದರಿಂದ ಜನಕ್ಕಾಗುವ ತೊಂದರೆ ಏನು? ಪಹಣಿಯ ಮ್ಯುಟೇಷನ್ ಬಗ್ಗೆ ತಕರಾರಿದ್ದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಪ್ರಕಾರ ಮೇಲ್ಮನವಿ ಎ.ಸಿ. ಮುಂದೆ ಹೋಗುತ್ತದೆ, ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾಧಿಕಾರಿಯ ಮುಂದೆ. ಅಂದರೆ ಮೊದಲು ಮಧುಗಿರಿ, ಆಮೇಲೆ ಸುಮಾರು 100 ಕಿ.ಮೀ. ದೂರದ ತುಮಕೂರು. ವಾಯಿದೆ ಮುಂದಕ್ಕೆ ಹೋದಷ್ಟು ಸಲ ಅಷ್ಟು ದಿನದ ಕೂಲಿ, ಬಸ್ ಚಾರ್ಜು ಕೈಬಿಡುತ್ತದೆ.

ಮಧುಗಿರಿ ಈಗಾಗಲೇ ಜಿಲ್ಲೆಯೇ?

ಕಂದಾಯ ಜಿಲ್ಲೆ ಅಲ್ಲ. ರಾಜ್ಯದ 31 ಕಂದಾಯ ಜಿಲ್ಲೆಗಳ ಪಟ್ಟಿಯಲ್ಲಿ ಮಧುಗಿರಿ ಇಲ್ಲ. ಗೊಂದಲ ಹುಟ್ಟುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಅಂದು ಟಿ.ವಿ.ಯಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ ಎಂದು ತೋರಿಸುತ್ತಾರೆ. ಅದು ಶೈಕ್ಷಣಿಕ ಜಿಲ್ಲೆ. ಶಾಲಾ ಶಿಕ್ಷಣ ಇಲಾಖೆ ತನ್ನ ಆಡಳಿತದ ಅನುಕೂಲಕ್ಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಮಾಡಿಕೊಂಡದ್ದು. ಶಿರಸಿ, ಚಿಕ್ಕೋಡಿ ಕೂಡ ಹೀಗೆಯೇ ಶೈಕ್ಷಣಿಕ ಜಿಲ್ಲೆಗಳು.

ಮಧುಗಿರಿಯನ್ನು ಪೂರ್ಣ ಜಿಲ್ಲೆ ಮಾಡಬೇಕೆಂಬ ಬೇಡಿಕೆ ಬಹಳ ಕಾಲದ್ದು. ಹತ್ತು ತಾಲ್ಲೂಕುಗಳ ದೊಡ್ಡ ಜಿಲ್ಲೆಯಲ್ಲಿ ಈ ಬೇಡಿಕೆಗೆ ಕಾರಣವೂ ಇದೆ. ಹೊಸ ಜಿಲ್ಲೆ ಮಾಡಲು ಸಂಸತ್ತು ಬೇಕಿಲ್ಲ. ಭೂಕಂದಾಯ ಕಾಯ್ದೆಯಡಿ ರಾಜ್ಯ ಸರ್ಕಾರವೇ ಅಧಿಸೂಚನೆ ಹೊರಡಿಸಬಹುದು. ರಾಜ್ಯದ ಗಡಿ ಬದಲಾಯಿಸುವುದು ಬೇರೆಯೇ ವಿಷಯ. ಪಾವಗಡ ಆಂಧ್ರಕ್ಕೆ, ಮಡಕಶಿರಾ ಕರ್ನಾಟಕಕ್ಕೆ ಎಂಬಂಥ ಅದಲು ಬದಲು ಆಗಬೇಕಾದರೆ ಸಂವಿಧಾನದ 3ನೇ ವಿಧಿಯಂತೆ ಸಂಸತ್ತು ಕಾನೂನು ಮಾಡಬೇಕು, ಅದಕ್ಕೂ ಮೊದಲು ರಾಷ್ಟ್ರಪತಿಗಳು ಆ ರಾಜ್ಯಗಳ ಶಾಸಕಾಂಗದ ಅಭಿಪ್ರಾಯ ಕೇಳಬೇಕು. ಇದು ರಾತ್ರೋರಾತ್ರಿ ಆಗುವಂಥದ್ದಲ್ಲ. ಜಿಲ್ಲೆ ಆಯಿತು ಎಂಬ ಮೆಸೇಜ್ ಬಂದರೆ ರಾಜ್ಯಪತ್ರದ ಅಧಿಸೂಚನೆ ಎಲ್ಲಿದೆ ಎಂದು ಕೇಳಿ. ಯಾರೋ ಭಾಷಣದಲ್ಲಿ ಕೊಟ್ಟ ಭರವಸೆ ಅಧಿಸೂಚನೆಯಾಗುವುದಿಲ್ಲ.

ಸೋಲಾರ್ ಪಾರ್ಕ್ ಜಗತ್ತಿನಲ್ಲೇ ದೊಡ್ಡದೇ?

ಈಗ ಅಲ್ಲ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 'ಶಕ್ತಿಸ್ಥಳ' 2018ರಲ್ಲಿ ಉದ್ಘಾಟನೆಯಾಯಿತು. 2019ರ ಕೊನೆಗೆ ಅದರ ಪೂರ್ಣ ಸಾಮರ್ಥ್ಯ 2,050 ಮೆಗಾವಾಟ್ ಬಳಕೆಗೆ ಬಂತು. ಆಗ ಅದು ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕ್‌ಗಳ ಸಾಲಿನಲ್ಲಿತ್ತು. ಆಮೇಲೆ ರಾಜಸ್ಥಾನದ ಭಡ್ಲಾ 2,245 ಮೆಗಾವಾಟ್ ಮುಟ್ಟಿ ಅದನ್ನು ದಾಟಿತು. ಹಾಗಾಗಿ ಇದು ಹಳೆಯ ಹೆಮ್ಮೆಯ ಮೆಸೇಜು.

ಪ್ಯಾನೆಲ್‌ಗಳು ಮಳೆ ಓಡಿಸಿದವೇ? ಇಲ್ಲ. ಪಾವಗಡ, ಶಿರಾ, ಮಧುಗಿರಿ ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿವೆ. ಮುಂಗಾರಿನ ಮೋಡ ಘಟ್ಟದಲ್ಲೇ ಬಹುಪಾಲು ಸುರಿದು ಇಲ್ಲಿಗೆ ಬರುವ ಹೊತ್ತಿಗೆ ಬಡವಾಗಿರುತ್ತದೆ. ಪ್ಯಾನೆಲ್ ಬರುವ ಎಷ್ಟೋ ದಶಕ ಮೊದಲೂ ಪಾವಗಡ ಬರಪೀಡಿತ ತಾಲ್ಲೂಕೇ. 13,000 ಎಕರೆ ಎಂದರೆ ಸುಮಾರು 53 ಚದರ ಕಿ.ಮೀ. ಸಾವಿರಾರು ಕಿ.ಮೀ. ಹರಡಿದ ಮುಂಗಾರನ್ನು ಇಷ್ಟು ಜಾಗ ತಡೆಯಲಾರದು. ಆದರೆ ಬಿಸಿ ಹೆಚ್ಚಾಗಿದೆ ಎನ್ನುವ ಊರವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ, ಸೋಲಾರ್ ಘಟಕದ ಮೇಲಿನ ಗಾಳಿ ರಾತ್ರಿ ವೇಳೆ ಸುತ್ತಲಿನ ಬಯಲಿಗಿಂತ 3-4 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುವುದನ್ನು ಕಂಡಿತ್ತು. ಅದು ಘಟಕ ಇರುವ ಜಾಗದ ಬಿಸಿಯ ಮಾತು, ಮಳೆಯದ್ದಲ್ಲ.

ಇಲ್ಲಿ ತಯಾರಾದ ಕರೆಂಟು ಇಲ್ಲಿನವರಿಗೆ ಪುಕ್ಕಟೆ ಎಂಬುದೂ ತಪ್ಪು. ವಿದ್ಯುತ್ ನೇರವಾಗಿ ಗ್ರಿಡ್‌ಗೆ ಹೋಗುತ್ತದೆ. ಪಾರ್ಕ್ ಪಕ್ಕದ ಮನೆಗೂ ದೂರದ ಮನೆಗೂ ಒಂದೇ ಲೆಕ್ಕ.

ಬಾಡಿಗೆ ಲೆಕ್ಕ: ಫಾರ್ವರ್ಡ್‌ನಲ್ಲಿ ಬರದ ಭಾಗ

ಈ ಪಾರ್ಕ್‌ಗೆ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ. ಒಡೆತನ ರೈತರದೇ. ಮಳೆ ಕೈಕೊಟ್ಟರೆ ಕಡಲೆಕಾಯಿ ಬಿತ್ತನೆಯ ಖರ್ಚೂ ಹುಟ್ಟದ ಈ ಕೆಂಪು ಮಣ್ಣಿನಲ್ಲಿ, 10 ಎಕರೆ ಇದ್ದವರಿಗೆ ವರ್ಷಕ್ಕೆ 2,10,000 ರೂಪಾಯಿ ಖಾತ್ರಿ ಎಂದರೆ ಸಣ್ಣ ಮಾತಲ್ಲ.

ಈಗ ನಾವೇ ಲೆಕ್ಕ ಹಾಕೋಣ. 28 ವರ್ಷದಲ್ಲಿ 13 ಸಲ ಬಾಡಿಗೆ ಏರುತ್ತದೆ. ಕೊನೆಯ ಎರಡು ವರ್ಷ ಎಕರೆಗೆ ಸಿಗುವುದು ಸುಮಾರು 39,600 ರೂಪಾಯಿ. ಅದೇ ಅವಧಿಯಲ್ಲಿ ಸಾಮಾನುಗಳ ಬೆಲೆ ರಿಸರ್ವ್ ಬ್ಯಾಂಕಿನ ಗುರಿಯಂತೆ ವರ್ಷಕ್ಕೆ ಶೇ 4ರಷ್ಟು ಏರಿದರೂ, ಇಂದಿನ 21,000ಕ್ಕೆ ಸಮ ನಿಲ್ಲಲು ಆಗ 58,000ಕ್ಕೂ ಹೆಚ್ಚು ಬೇಕಾಗುತ್ತದೆ. ಹಣ ಬೆಳೆಯುತ್ತದೆ, ಅದರ ಕೊಳ್ಳುವ ಶಕ್ತಿ ಕರಗುತ್ತದೆ. ನಿಮ್ಮೂರಿಗೂ ಇಂಥ ಗುತ್ತಿಗೆ ಬಂದರೆ ಮೊದಲ ವರ್ಷದ ಮೊತ್ತಕ್ಕಿಂತ ಹೆಚ್ಚಳದ ಸಾಲನ್ನು ಎರಡು ಸಲ ಓದಿ, ಆಮೇಲೆ ಸಹಿ ಹಾಕಿ.

ಇನ್ನೊಂದು ಮಾತು. ಬಾಡಿಗೆ ಬರುವುದು ಜಮೀನು ಇದ್ದವರಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಇಲ್ಲ. ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು, ಕಾವಲು ಕಾಯುವುದು ಇಂಥ ಕೆಲಸ ಕೆಲವರಿಗೆ ಮಾತ್ರ ಸಿಕ್ಕಿತು. ಒಂದೇ ಆಸರೆಯನ್ನು ನಂಬುವ ಕಷ್ಟ ಆ ಫ್ರೆಂಚ್ ದ್ವೀಪದವರಿಗೂ ಗೊತ್ತು. ಶತಮಾನಗಳಿಂದ ಕಾಡ್ ಮೀನನ್ನೇ ನಂಬಿದ್ದ ಅವರಿಗೆ, ಮೀನು ಬರಿದಾಗಿ 1992ರಲ್ಲಿ ಕೆನಡಾ ಕಾಡ್ ಹಿಡಿಯುವುದನ್ನು ನಿಲ್ಲಿಸಿದಾಗ ಬದುಕೇ ಅಲುಗಾಡಿತು. ಈಗ ಅವರು ಬಹುಮಟ್ಟಿಗೆ ಪ್ಯಾರಿಸ್ ಕಳಿಸುವ ಹಣದ ಮೇಲೆ ನಿಂತಿದ್ದಾರೆ.

ನೀರು: ಗಡಿಗೆ ಕಾಣದ, ಕಣ್ಣಿಗೂ ಕಾಣದ ಸಮಸ್ಯೆ

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಆಂಧ್ರದಲ್ಲಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಆ ಪಿನಾಕಿನಿ ಮತ್ತೆ ಪಾವಗಡದ ನಾಗಲಮಡಿಕೆಗೆ ಬಂದು ಪುನಃ ಆಂಧ್ರಕ್ಕೆ ಹೋಗುತ್ತದೆ. ಹಾಗಾಗಿ ಇಲ್ಲಿ ಒಂದು ಅಣೆಕಟ್ಟೆಯ ಮಾತೆತ್ತಿದರೂ ಅದು ಎರಡು ರಾಜ್ಯಗಳ ವಿಷಯವಾಗುತ್ತದೆ. 1892ರ ಮದ್ರಾಸ್-ಮೈಸೂರು ಒಪ್ಪಂದದಲ್ಲೇ ಈ ನದಿಯ ಹೆಸರಿದೆ.

ಹೊಳೆಯಲ್ಲಿ ನೀರಿಲ್ಲದಾಗ ಜನ ಕೊಳವೆಬಾವಿ ಕೊರೆದರು. ಆಳಕ್ಕೆ ಹೋದಂತೆ ಬಂಡೆಯ ಫ್ಲೋರೈಡ್ ನೀರಿಗೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಸರಿಯಾಗಿ ನಿರ್ವಹಿಸಿದ ಆರ್‌ಒ ಘಟಕದ ನೀರು, ಸಂಗ್ರಹಿಸಿದ ಮಳೆ ನೀರು, ಅಥವಾ ಹೊರಗಿನಿಂದ ಬರುವ ನದಿ ನೀರು, ಇವೇ ದಾರಿ. ಪಾವಗಡಕ್ಕೆ ತುಂಗಭದ್ರಾ ಹಿನ್ನೀರು ತರುವ ಯೋಜನೆ ರೂಪಿಸಿದ್ದರ ಹಿಂದಿನ ಕಾರಣವೂ ಇದೇ.

ಕೊನೆಗೆ ಇಷ್ಟು

ಪಾವಗಡ ಮೂರು ಕಡೆ ಆಂಧ್ರ ಇರುವ ತಾಲ್ಲೂಕು, ಪೂರ್ತಿ ದ್ವೀಪವಲ್ಲ. ಮಧುಗಿರಿ ಶೈಕ್ಷಣಿಕ ಜಿಲ್ಲೆ, ಕಂದಾಯ ಜಿಲ್ಲೆಯಲ್ಲ. ಶಕ್ತಿಸ್ಥಳ ದೊಡ್ಡದು, ಈಗ ಅತಿ ದೊಡ್ಡದಲ್ಲ. ಮಳೆ ಹೋದದ್ದಕ್ಕೆ ಪ್ಯಾನೆಲ್ ಕಾರಣವಲ್ಲ. ಕುದಿಸಿದರೆ ಫ್ಲೋರೈಡ್ ಹೋಗದು. ಮುಂದಿನ ಸಲ ಗುಂಪಿನಲ್ಲಿ ಇಂಥ ಮೆಸೇಜ್ ಬಂದರೆ, ಕಳಿಸಿದ ಅಣ್ಣನನ್ನೋ ಅಕ್ಕನನ್ನೋ ಬೈಯಬೇಡಿ, ಅವರೂ ಊರ ಮೇಲಿನ ಅಭಿಮಾನಕ್ಕೇ ಕಳಿಸಿರುತ್ತಾರೆ. ಈ ಬರಹ ಅವರಿಗೂ ಕಳಿಸಿ.